3.3, 5, 12 ವೋಲ್ಟ್ ಒಂದೇ ಡಬ್ಬಿಯಲ್ಲಿ: ಪುಲ್-ಅಪ್ ರೆಸಿಸ್ಟರ್ ಬಳಸಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಹಿಟ್ಟಿನ ಗಿರಣಿಯ ಶಾಫ್ಟು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಚಿಕ್ಕದೊಂದು ಡಬ್ಬಿ ಮಾಡಿಕೊಡು ಎಂದು ಚಿಕ್ಕಪ್ಪ ಕೇಳಿದರು. ಅದೇನು ಮಹಾ ಅಂದುಕೊಂಡೆ. ಲೆಕ್ಕ ಹಾಕಲು ಒಂದು ಇಎಸ್‌ಪಿ32 ಬೋರ್ಡು, ತೋರಿಸಲು 16 ಅಕ್ಷರ 2 ಸಾಲಿನ ಎಲ್‌ಸಿಡಿ, ಪುಲ್ಲಿಯ ಬೋಲ್ಟು ಎದುರು ಬಂದಾಗಲೆಲ್ಲ ಸುಳಿವು ಕೊಡಲು ಒಂದು ಪ್ರಾಕ್ಸಿಮಿಟಿ ಸೆನ್ಸರ್. ಮೂರನ್ನೂ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದು ಮೇಜಿನ ಮೇಲೆ ಹರಡಿದ ಮೇಲೆ ನೋಡಿದರೆ, ಬೋರ್ಡಿನದು 3.3 ವೋಲ್ಟ್, ಎಲ್‌ಸಿಡಿಯದು 5, ಸೆನ್ಸರಿನದು 12.

ಇಂಥ ಹೊತ್ತಿನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಒಂದು ಪುಲ್-ಅಪ್ ಹಾಕಿ ಸರ್, ಆಗುತ್ತೆ." ಆಗುತ್ತದೆ, ನಿಜ. ಆದರೆ ಪುಲ್-ಅಪ್ ರೆಸಿಸ್ಟರ್ ವೋಲ್ಟೇಜನ್ನು ಬದಲಿಸುವ ಯಂತ್ರವಲ್ಲ. ಎಲ್ಲಿ ಹಾಕಿದರೆ ಕೆಲಸ ಮಾಡುತ್ತದೆ, ಎಲ್ಲಿ ಹಾಕಿದರೆ ಬೋರ್ಡನ್ನೇ ತಿನ್ನುತ್ತದೆ ಎಂದು ಗೊತ್ತಿರಬೇಕು. ನಾನು ಮೊದಲ ಸಲ ಎಲ್‌ಸಿಡಿಯನ್ನು ನೇರವಾಗಿ ಇಎಸ್‌ಪಿ32ಗೆ ಜೋಡಿಸಿದೆ. ಅಕ್ಷರ ಚೆನ್ನಾಗಿಯೇ ಮೂಡಿತು. ಖುಷಿಯಲ್ಲಿ ಮೀಟರ್ ಇಟ್ಟು ನೋಡಿದರೆ 3.3 ವೋಲ್ಟಿನ ಪಿನ್ನಿನ ಮೇಲೆ ನಾಲ್ಕು ದಾಟಿತ್ತು. ಕೆಲಸ ಮಾಡುತ್ತಿದೆ ಎಂದ ಮಾತ್ರಕ್ಕೆ ಸರಿ ಇದೆ ಎಂದಲ್ಲ. ಈ ವಿಷಯದಲ್ಲಿ ಹೆಚ್ಚು ಜನ ಎಡವುವುದು ಅಲ್ಲೇ.

ತೊಟ್ಟಿಲ ಸ್ಪ್ರಿಂಗು

ಮಗುವಿನ ತೊಟ್ಟಿಲನ್ನು ತೊಲೆಗೆ ಸ್ಪ್ರಿಂಗ್ ಹಾಕಿ ತೂಗುಬಿಟ್ಟಿದ್ದನ್ನು ನೋಡಿರುತ್ತೀರಿ. ಕೆಳಗೆ ಎಳೆದರೆ ಬರುತ್ತದೆ, ಕೈಬಿಟ್ಟರೆ ತಾನೇ ಮೇಲೇರುತ್ತದೆ. ಎಷ್ಟು ಎತ್ತರಕ್ಕೆ ಏರುತ್ತದೆ ಎನ್ನುವುದನ್ನು ತೀರ್ಮಾನಿಸುವುದು ತೊಲೆ. ಕೆಳಗೆ ನಿಂತು ಎಳೆದವರು ಕುಳ್ಳರೋ ಎತ್ತರದವರೋ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಪುಲ್-ಅಪ್ ರೆಸಿಸ್ಟರೇ ಆ ಸ್ಪ್ರಿಂಗು. ಅದರ ಮೇಲಿನ ತುದಿಯನ್ನು ಕಟ್ಟಿದ ಸಪ್ಲೈ, ತೊಲೆ. ಸಿಗ್ನಲ್ ತಂತಿ, ತೊಟ್ಟಿಲು. ಕೆಳಗೆ ಎಳೆಯುವ ಕೈ ಎಂದರೆ ಸೆನ್ಸರಿನೊಳಗಿನ ಟ್ರಾನ್ಸಿಸ್ಟರ್. ಅದು ತಂತಿಯನ್ನು ಗ್ರೌಂಡಿಗೆ ಎಳೆಯಬಲ್ಲದು ಅಥವಾ ಬಿಟ್ಟುಬಿಡಬಲ್ಲದು, ಮೇಲೆ ತಳ್ಳುವ ಶಕ್ತಿ ಅದಕ್ಕಿಲ್ಲ. ಇಂಥ ಔಟ್‌ಪುಟ್‌ಗೆ ಓಪನ್ ಕಲೆಕ್ಟರ್ ಅಥವಾ ಓಪನ್ ಡ್ರೇನ್ ಎನ್ನುತ್ತಾರೆ. ಸೆನ್ಸರ್ 12 ವೋಲ್ಟಿನಲ್ಲಿ ಓಡುತ್ತಿದ್ದರೂ ಅದರ ಔಟ್‌ಪುಟ್ ಓಪನ್ ಕಲೆಕ್ಟರ್ ಆಗಿದ್ದು, ನೀವು ರೆಸಿಸ್ಟರನ್ನು 3.3ಕ್ಕೆ ಕಟ್ಟಿದರೆ ಸಿಗ್ನಲ್ 3.3ರ ಮೇಲೆ ಏರುವುದಿಲ್ಲ. ಇಡೀ ವಿದ್ಯೆ ಇಷ್ಟೇ.

ಇನ್ನೊಂದು ಬಗೆಯ ಔಟ್‌ಪುಟ್ ಇದೆ, ಪುಷ್-ಪುಲ್. ಅದಕ್ಕೆ ಎರಡು ಕೈ: ಒಂದು ಕೆಳಗೆ ಎಳೆಯುತ್ತದೆ, ಇನ್ನೊಂದು ಮೇಲೆ ತಳ್ಳುತ್ತದೆ, ಅದೂ ತನ್ನ ಸಪ್ಲೈಯ ಎತ್ತರದ ತನಕ. ಅಲ್ಲಿ ನಿಮ್ಮ ಸ್ಪ್ರಿಂಗಿಗೆ ಬೆಲೆಯಿಲ್ಲ.

ಹಾಗಾಗಿ ಯಾವ ತಂತಿ ಮುಟ್ಟುವ ಮೊದಲೂ ಕೇಳಬೇಕಾದ್ದು: ಈ ತಂತಿಯನ್ನು ಮೇಲಕ್ಕೆ ಒಯ್ಯುವವರು ಯಾರು? ಕೆಳಕ್ಕೆ ಎಳೆಯುವವರು ಯಾರು? ತಂತಿ ಮೇಲಿದ್ದಾಗ ಆ ಎತ್ತರವನ್ನು ಎರಡೂ ತುದಿಯ ಚಿಪ್‌ಗಳು ತಾಳುತ್ತವೆಯೇ?

ಈ ಕೊನೆಯ ಪ್ರಶ್ನೆಯನ್ನು ಜನ ಮರೆಯುತ್ತಾರೆ. ಇಎಸ್‌ಪಿ32ರ ಪಿನ್ನನ್ನು ಪ್ರೋಗ್ರಾಂನಲ್ಲಿ ಓಪನ್ ಡ್ರೇನ್ ಮಾಡಿ 5 ವೋಲ್ಟಿಗೆ ಪುಲ್-ಅಪ್ ಕೊಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಓಪನ್ ಡ್ರೇನ್ ಮಾಡಿದರೆ ಪಿನ್ನು ಮೇಲೆ ತಳ್ಳುವುದನ್ನು ಬಿಡುತ್ತದೆ, ನಿಜ. 5 ವೋಲ್ಟನ್ನು ತಾಳುವ ಶಕ್ತಿ ಅದರಿಂದ ಬರುವುದಿಲ್ಲ. ಇಎಸ್‌ಪಿ32ರ ಡೇಟಾಶೀಟಿನಲ್ಲಿ ಪಿನ್ನಿನ ಮೇಲಿನ ಮಿತಿ ಸಪ್ಲೈಗಿಂತ 0.3 ಹೆಚ್ಚು, ಅಂದರೆ 3.6 ವೋಲ್ಟ್. ಎಸ್‌ಟಿಎಂ32ಎಫ್103 ಎಂಬ ಇನ್ನೊಂದು ಕಂಟ್ರೋಲರ್ ಚಿಪ್ಪಿನಲ್ಲಿ ಮಾತ್ರ ಎಫ್‌ಟಿ ಎಂದು ಗುರುತು ಹಾಕಿದ ಕೆಲವು ಪಿನ್ನುಗಳು 5 ವೋಲ್ಟ್ ತಾಳುತ್ತವೆ. ಅದರ ಪಿಬಿ6, ಪಿಬಿ7 ಅಂಥವು. ಅಲ್ಲಿ ಈ ಉಪಾಯ ನಡೆಯುತ್ತದೆ, ಒಳಗಿನ ಪುಲ್-ಅಪ್ ಆಫ್ ಮಾಡಿರಬೇಕು ಅಷ್ಟೆ.

ಬೇಕಾದ ಸಾಮಾನು

ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಜಂಪರ್ ತಂತಿಗಳು, ಕಾಲು ವ್ಯಾಟಿನ 1, 2.2, 4.7, 10 ಕಿಲೋ ಓಮ್ ರೆಸಿಸ್ಟರುಗಳು ಹತ್ತತ್ತು, ಶಾಟ್ಕಿ ಡಯೋಡು ಒಂದೆರಡು, ಪಿಸಿ817 ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಚಿಪ್ಪು) ಒಂದೆರಡು, ಬಿಎಸ್‌ಎಸ್138 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುವ ನಾಲ್ಕು ಚಾನೆಲ್ಲಿನ ಲೆವೆಲ್ ಶಿಫ್ಟರ್ ಬೋರ್ಡು ಒಂದು. ಆಸಿಲೋಸ್ಕೋಪ್ ಇದ್ದರೆ ಭಾಗ್ಯ, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಕಾಗದದ ಮೇಲೆ ತಂತಿ ಲೆಕ್ಕ

ಪ್ರತಿ ಸಿಗ್ನಲ್ ತಂತಿಗೂ ಒಂದು ಸಾಲು ಬರೆಯಿರಿ. ನನ್ನ ಡಬ್ಬಿಯಲ್ಲಿ ಮೂರೇ ತಂತಿ: ಸೆನ್ಸರಿನಿಂದ ಬರುವ ಒಂದು, ಎಲ್‌ಸಿಡಿಗೆ ಹೋಗುವ ಎಸ್‌ಡಿಎ (ಡೇಟಾ) ಮತ್ತು ಎಸ್‌ಸಿಎಲ್ (ಕ್ಲಾಕ್). ಒಂದೊಂದರ ಎದುರು ಎರಡೂ ತುದಿಯ ಸಪ್ಲೈ, ಔಟ್‌ಪುಟ್ಟಿನ ಬಗೆ, ಎದುರು ತುದಿಯು ಎಷ್ಟಕ್ಕಿಂತ ಮೇಲಿದ್ದರೆ ಹೈ ಎನ್ನುತ್ತದೆ, ಎಷ್ಟಕ್ಕಿಂತ ಕೆಳಗಿದ್ದರೆ ಲೋ ಎನ್ನುತ್ತದೆ, ಇವಿಷ್ಟು.

ಇಎಸ್‌ಪಿ32 ತನ್ನ ಸಪ್ಲೈಯ ಮುಕ್ಕಾಲು ಪಾಲು, ಸುಮಾರು 2.5 ವೋಲ್ಟ್ ದಾಟಿದರೆ ಹೈ ಎನ್ನುತ್ತದೆ. ಕಾಲು ಪಾಲಿಗಿಂತ, ಅಂದರೆ 0.82 ವೋಲ್ಟಿಗಿಂತ ಕೆಳಗಿದ್ದರೆ ಲೋ. ಎಲ್‌ಸಿಡಿಯ ಬೆನ್ನಿಗಿರುವ ಪಿಸಿಎಫ್8574 ಚಿಪ್ಪು 5 ವೋಲ್ಟಿನಲ್ಲಿ ಓಡುವಾಗ 0.7 ಪಾಲು, 3.5 ವೋಲ್ಟ್ ಕೇಳುತ್ತದೆ. ಇಎಸ್‌ಪಿ32 ಕಡೆಯಿಂದ ಹೆಚ್ಚೆಂದರೆ ಸಿಗುವುದು 3.3. ಕೊರತೆ 0.2 ವೋಲ್ಟ್. ಈ ಸಂಖ್ಯೆ ನೆನಪಿರಲಿ, ಮುಂದೆ ಬರುತ್ತದೆ.

ಹಂತ 2: ಸೆನ್ಸರ್ ಮೇಲೆ ತಳ್ಳುತ್ತದೆಯೋ, ಬಿಟ್ಟುಬಿಡುತ್ತದೆಯೋ?

ಇದು ಅತಿ ಮುಖ್ಯವಾದ ಹಂತ. ಅಂಗಡಿಯಲ್ಲಿ "ಎನ್‌ಪಿಎನ್ ಕೊಡಿ" (ಲೋಹ ಕಂಡಾಗ ತಂತಿಯನ್ನು ಕೆಳಗೆ ಎಳೆಯುವ ಜಾತಿ) ಎಂದು ಕೇಳಿ ತಂದರೂ ಮೀಟರಿನಿಂದ ಪರೀಕ್ಷಿಸದೆ ಬೋರ್ಡಿಗೆ ಮುಟ್ಟಿಸಬೇಡಿ. ನನಗೆ ಒಮ್ಮೆ ಎನ್‌ಪಿಎನ್ ಎಂದು ಕೊಟ್ಟ ಪೊಟ್ಟಣದಲ್ಲಿ ಪಿಎನ್‌ಪಿ ಇತ್ತು. ಅದು ಲೋಹ ಕಂಡಾಗ 12 ವೋಲ್ಟನ್ನೇ ಹೊರಗೆ ತಳ್ಳುವ ಜಾತಿ.

ಮೂರು ತಂತಿಯ ಪ್ರಾಕ್ಸಿಮಿಟಿ ಸೆನ್ಸರಿನಲ್ಲಿ ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಔಟ್‌ಪುಟ್. ನಮ್ಮ ಕಣ್ಣಿಗೆ ಕಪ್ಪು ಅಂದರೆ ಗ್ರೌಂಡ್ ಎಂದೇ ಅಭ್ಯಾಸವಾಗಿರುತ್ತದೆ, ಇಲ್ಲಿ ಹಾಗಲ್ಲ, ಎಚ್ಚರ. ಕಂದಿಗೆ 12 ವೋಲ್ಟ್, ನೀಲಿಗೆ ಗ್ರೌಂಡ್ ಕೊಡಿ. ಇಎಸ್‌ಪಿ32 ಇನ್ನೂ ದೂರವೇ ಇರಲಿ. ಮೀಟರಿನ ಕಪ್ಪು ಕಡ್ಡಿ ನೀಲಿ ತಂತಿಗೆ, ಕೆಂಪು ಕಡ್ಡಿ ಸೆನ್ಸರಿನ ಕಪ್ಪು ತಂತಿಗೆ.

ಮೊದಲು 10 ಕಿಲೋ ರೆಸಿಸ್ಟರನ್ನು ಕಪ್ಪು ಮತ್ತು ಕಂದು ತಂತಿಗಳ ನಡುವೆ ಹಾಕಿ. ಸೆನ್ಸರಿನ ಮೂತಿಯ ಮುಂದೆ ಏನೂ ಇಲ್ಲದಾಗ 12, ಸ್ಪ್ಯಾನರ್ ಹಿಡಿದಾಗ ಸೊನ್ನೆಯ ಹತ್ತಿರ ಬಂದರೆ ಅದು ಕೆಳಗೆ ಎಳೆಯುತ್ತದೆ ಎಂದು ಖಾತ್ರಿ. ಸ್ಪ್ಯಾನರ್ ಹಿಡಿದಾಗ ಎಷ್ಟಕ್ಕೆ ಇಳಿಯಿತು ಎನ್ನುವುದನ್ನು ಬರೆದಿಟ್ಟುಕೊಳ್ಳಿ, 0.1, 0.3, 0.9, ಎಷ್ಟೇ ಇರಲಿ.

ಈಗ ಅದೇ ರೆಸಿಸ್ಟರನ್ನು ಕಿತ್ತು ಕಪ್ಪು ಮತ್ತು ನೀಲಿ ತಂತಿಗಳ ನಡುವೆ ಹಾಕಿ, ಸ್ಪ್ಯಾನರ್ ದೂರ ಇಡಿ. ಮೀಟರ್ ಸೊನ್ನೆ ತೋರಿಸಿದರೆ ಅದು ಅಪ್ಪಟ ಓಪನ್ ಕಲೆಕ್ಟರ್, ನಿಮ್ಮ ಕೆಲಸ ಸಲೀಸು. 12ರ ಹತ್ತಿರವೇ ನಿಂತರೆ ಒಳಗೆ ತಳ್ಳುವ ಕೈ ಇದೆ. ನಡುವೆ ಎಲ್ಲೋ, ಉದಾಹರಣೆಗೆ 6 ತೋರಿಸಿದರೆ, ತಯಾರಕರು ಒಳಗೇ ಒಂದು ಪುಲ್-ಅಪ್ ರೆಸಿಸ್ಟರನ್ನು 12 ವೋಲ್ಟಿಗೆ ಕಟ್ಟಿಬಿಟ್ಟಿದ್ದಾರೆ ಎಂದರ್ಥ. ಅದರ ಬೆಲೆ ತಿಳಿಯಲು 12ರಲ್ಲಿ ಮೀಟರಿನ ಸಂಖ್ಯೆಯನ್ನು ಕಳೆದು, ಅದೇ ಸಂಖ್ಯೆಯಿಂದ ಭಾಗಿಸಿ, 10 ಕಿಲೋದಿಂದ ಗುಣಿಸಿ. 6 ಬಂದರೆ ಒಳಗಿರುವುದು ಸರಿಯಾಗಿ 10 ಕಿಲೋ.

ನನ್ನದರಲ್ಲಿ ಬಂದದ್ದು 6. ಪೊಟ್ಟಣದ ಮೇಲೆ ಮಾತ್ರ ಎನ್‌ಪಿಎನ್ ಎಂದಷ್ಟೇ ಇತ್ತು.

ಇದು ಯಾಕೆ ಅಪಾಯ? ಅಪ್ಪಟ ಓಪನ್ ಕಲೆಕ್ಟರ್ ಎಂದು ನಂಬಿ 3.3ಕ್ಕೆ 10 ಕಿಲೋ ಹಾಕಿದೆ ಎಂದಿಟ್ಟುಕೊಳ್ಳಿ. ಒಳಗಿನ ಸ್ಪ್ರಿಂಗು 12ಕ್ಕೆ ಎಳೆಯುತ್ತದೆ, ಹೊರಗಿನದು 3.3ಕ್ಕೆ. ಎರಡೂ ಸಮಬಲ, ತಂತಿ ನಿಲ್ಲುವುದು ನಡುವಿನ 7.65ರಲ್ಲಿ. 3.6 ತಾಳುವ ಪಿನ್ನಿಗೆ 7.65. ಪುಲ್-ಅಪ್ ಹಾಕಿದ್ದೆನಲ್ಲ ಎಂದು ಆಮೇಲೆ ಅತ್ತರೆ ಪ್ರಯೋಜನವಿಲ್ಲ. ನೀರಿನ ಹರಿವು ಅಳೆಯುವ ಹಾಲ್ ಸೆನ್ಸರುಗಳಲ್ಲೂ ಇಂಥ ಒಳಗಿನ ರೆಸಿಸ್ಟರ್ ಇರುವವು ಸಿಗುತ್ತವೆ, ಇದೇ ಪರೀಕ್ಷೆ ಅವಕ್ಕೂ ಸಾಕು. ಸಪ್ಲೈ 5 ಆದರೆ ಲೆಕ್ಕದಲ್ಲಿ 12ರ ಬದಲು 5 ಹಾಕಿಕೊಳ್ಳಿ.

ಹಂತ 3: 12 ವೋಲ್ಟಿನ ಸೆನ್ಸರಿನಿಂದ 3.3ರ ಬೋರ್ಡಿಗೆ

ಅಪ್ಪಟ ಓಪನ್ ಕಲೆಕ್ಟರ್ ಆದರೆ ಹೀಗೆ ಮಾಡಿ. ಸೆನ್ಸರಿನ ನೀಲಿ ತಂತಿಯನ್ನು ಇಎಸ್‌ಪಿ32ರ ಗ್ರೌಂಡಿಗೆ ಸೇರಿಸಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಎರಡು ಸಪ್ಲೈಗಳ ಗ್ರೌಂಡ್ ಒಂದಾಗದೆ ಯಾವ ಸಿಗ್ನಲ್ಲಿಗೂ ಅರ್ಥವಿಲ್ಲ. ಕಪ್ಪು ತಂತಿಯಿಂದ 3.3 ವೋಲ್ಟಿಗೆ 10 ಕಿಲೋ. ಕಪ್ಪು ತಂತಿಯಿಂದ ಪಿನ್ನಿಗೆ ನೇರವಾಗಿ ಹೋಗದೆ ನಡುವೆ 1 ಕಿಲೋ ಹಾಕಿ. ಯಾವತ್ತಾದರೂ ತಂತಿ ತಪ್ಪಿ 12ಕ್ಕೆ ತಗುಲಿದರೆ ಪಿನ್ನಿಗೆ ನುಗ್ಗುವ ಕರೆಂಟಿಗೆ ಅದೊಂದು ತಡೆ.

ಯಾವ ಪಿನ್ನು ಎಂದು ಆರಿಸುವಾಗ ಎರಡು ಮಾತು. ಇಎಸ್‌ಪಿ32ರಲ್ಲಿ 34ರಿಂದ 39ರ ತನಕದ ಪಿನ್ನುಗಳಿಗೆ ಒಳಗಿನ ಪುಲ್-ಅಪ್ ಇಲ್ಲವೇ ಇಲ್ಲ. ಪ್ರೋಗ್ರಾಂನಲ್ಲಿ ಇನ್‌ಪುಟ್ ಪುಲ್-ಅಪ್ ಎಂದು ಬರೆದರೂ ಏನೂ ಆಗುವುದಿಲ್ಲ, ತಂತಿ ಅಂತರಪಿಶಾಚಿಯಂತೆ ತೇಲುತ್ತದೆ. ಹೊರಗೆ ರೆಸಿಸ್ಟರ್ ಹಾಕಿದ್ದರೆ ಇವು ಧಾರಾಳವಾಗಿ ಸಾಕು. ಆದರೆ 12ನೇ ಪಿನ್ನಿಗೆ ಪುಲ್-ಅಪ್ ಬೇಡವೇ ಬೇಡ. ಬೋರ್ಡು ಶುರುವಾಗುವ ಕ್ಷಣದಲ್ಲಿ ಆ ಪಿನ್ನು ಹೈ ಇದ್ದರೆ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಕೊಡಬೇಕು ಎಂದು ಚಿಪ್ಪು ತಿಳಿಯುತ್ತದೆ. ಸಾಮಾನ್ಯ ಬೋರ್ಡುಗಳ ಫ್ಲ್ಯಾಶ್ 3.3ರದ್ದು, ಬೂಟ್ ಆಗುವುದೇ ಇಲ್ಲ. ಬೋರ್ಡೇ ಹೋಯಿತೆಂದು ಜನ ಎಸೆದುಬಿಡುವ ಪ್ರಸಂಗ ಇದು.

ಇನ್ನು ನನ್ನಂತೆ ಒಳಗಿನ ಪುಲ್-ಅಪ್ ಇರುವ ಸೆನ್ಸರ್ ಸಿಕ್ಕಿದರೆ ದಾರಿ ಎರಡು.

ಒಂದು, ಡಯೋಡು. ಪಿನ್ನಿನ ಕಡೆ 3.3ಕ್ಕೆ 10 ಕಿಲೋ ಪುಲ್-ಅಪ್ ಇರಲಿ. ಪಿನ್ನು ಮತ್ತು ಕಪ್ಪು ತಂತಿಯ ನಡುವೆ ಶಾಟ್ಕಿ ಡಯೋಡು ಹಾಕಿ, ಗೆರೆ ಇರುವ ತುದಿ ಸೆನ್ಸರಿನ ಕಡೆಗೆ. ಸೆನ್ಸರ್ ಬಿಟ್ಟಾಗ ಆಚೆ 12 ಏರಿದರೂ ಡಯೋಡು ತಡೆಯುತ್ತದೆ, ಪಿನ್ನಿನಲ್ಲಿ 3.3 ಮಾತ್ರ. ಸೆನ್ಸರ್ ಎಳೆದಾಗ ಡಯೋಡಿನ ಮೂಲಕ ಪಿನ್ನೂ ಕೆಳಗೆ ಬರುತ್ತದೆ, ಆದರೆ ಸೊನ್ನೆಯ ತನಕ ಅಲ್ಲ, ಡಯೋಡಿನ 0.2ರಿಂದ 0.3 ವೋಲ್ಟ್ ಮೇಲೆ ಸೇರುತ್ತದೆ. ಹಂತ 2ರಲ್ಲಿ ಬರೆದಿಟ್ಟ ಸಂಖ್ಯೆ ಈಗ ಬೇಕು. ಅದು 0.4ರೊಳಗೆ ಇದ್ದರೆ ಒಟ್ಟು 0.7, ಇಎಸ್‌ಪಿ32ರ 0.82ರ ಮಿತಿಯೊಳಗೆ. 0.9 ಇತ್ತೆಂದರೆ ಡಯೋಡಿನ ಆಸೆ ಬಿಡಿ. ಸಾಮಾನ್ಯ 1ಎನ್4148 ಹಾಕಿದರೆ 0.6ರ ಸುತ್ತಮುತ್ತ ಡಯೋಡೇ ತಿನ್ನುತ್ತದೆ, ಅದಕ್ಕೇ ಶಾಟ್ಕಿ.

ಎರಡು, ಆಪ್ಟೋಕಪ್ಲರ್. ಗಿರಣಿಯಂಥ ಜಾಗದಲ್ಲಿ ನನ್ನ ಮತ ಇದಕ್ಕೇ. ಮೋಟಾರು ಶುರುವಾಗುವಾಗ ಉದ್ದ ತಂತಿಗಳಲ್ಲಿ ಏನೇನು ಬರುತ್ತದೋ ದೇವರೇ ಬಲ್ಲ. ಪಿಸಿ817ರ ಚುಕ್ಕಿ ಇರುವ ಮೂಲೆ 1ನೇ ಕಾಲು. 12 ವೋಲ್ಟಿನಿಂದ 2.2 ಕಿಲೋ ಮೂಲಕ 1ಕ್ಕೆ, 2ರಿಂದ ಸೆನ್ಸರಿನ ಕಪ್ಪು ತಂತಿಗೆ. ಸೆನ್ಸರ್ ಕೆಳಗೆ ಎಳೆದಾಗ ಒಳಗಿನ ಎಲ್‌ಇಡಿಯಲ್ಲಿ ಸುಮಾರು 5 ಮಿಲಿಆಂಪ್ ಹರಿಯುತ್ತದೆ. ಆಚೆ ಬದಿಯಲ್ಲಿ 3ನೇ ಕಾಲು ಇಎಸ್‌ಪಿ32ರ ಗ್ರೌಂಡಿಗೆ, 4ನೇ ಕಾಲು ಪಿನ್ನಿಗೆ, ಅಲ್ಲಿಂದ 3.3ಕ್ಕೆ 10 ಕಿಲೋ. ಗಮನಿಸಿ, ಆಪ್ಟೋಕಪ್ಲರಿನ ಆಚೆ ಬದಿಯೂ ಓಪನ್ ಕಲೆಕ್ಟರೇ. ಪುಲ್-ಅಪ್ ತಪ್ಪುವುದಿಲ್ಲ, ಅದು ಕಟ್ಟಿದ ತೊಲೆಯ ಎತ್ತರ ಮಾತ್ರ ನಿಮ್ಮ ಕೈಯಲ್ಲಿದೆ. ಸೆನ್ಸರಿಗೆ ಬೇರೆಯೇ ಸಪ್ಲೈ ಇದ್ದರೆ ಇಲ್ಲಿ ಎರಡು ಗ್ರೌಂಡುಗಳನ್ನು ಸೇರಿಸಬೇಕಾಗಿಯೂ ಇಲ್ಲ, ಸೇರಿಸದಿರುವುದೇ ಒಳ್ಳೆಯದು. ಪಿಎನ್‌ಪಿ ಸೆನ್ಸರ್ ಸಿಕ್ಕಿಹಾಕಿಕೊಂಡರೂ ಎಲ್‌ಇಡಿ ಬದಿಯನ್ನು ತಿರುಗಿಸಿ, ಕಪ್ಪು ತಂತಿಯಿಂದ 2.2 ಕಿಲೋ ಮೂಲಕ 1ಕ್ಕೂ, 2ನ್ನು ನೀಲಿಗೂ ಕೊಟ್ಟರೆ ಕೆಲಸವಾಗುತ್ತದೆ.

ಹಂತ 4: ಎಲ್‌ಸಿಡಿಯ ಎರಡು ತಂತಿಗಳು

ಐ2ಸಿ ಎನ್ನುವ ಈ ಎರಡು ತಂತಿಯ ಪದ್ಧತಿಯನ್ನು ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿತು. ಅದರಲ್ಲಿ ಯಾರೂ ಮೇಲೆ ತಳ್ಳುವಂತಿಲ್ಲ, ಎಲ್ಲರೂ ಕೆಳಗೆ ಎಳೆಯುವವರೇ, ಮೇಲೆ ಒಯ್ಯುವುದು ಪುಲ್-ಅಪ್. ಹಾಗಿದ್ದ ಮೇಲೆ ತೊಂದರೆ ಏನು? ಎಲ್‌ಸಿಡಿಯ ಬೆನ್ನ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ. ಎಸ್‌ಡಿಎ, ಎಸ್‌ಸಿಎಲ್ ಕಾಲುಗಳ ಹತ್ತಿರ 472 ಎಂದು ಬರೆದ ಎರಡು ಪುಟ್ಟ ಕಪ್ಪು ಚೂರುಗಳು ಕಾಣುತ್ತವೆ. 472 ಎಂದರೆ 47ರ ಮುಂದೆ ಎರಡು ಸೊನ್ನೆ, 4.7 ಕಿಲೋ. ಪವರ್ ಕೊಡದೆ ವಿಸಿಸಿ (ಸಪ್ಲೈ ಕಾಲು) ಮತ್ತು ಎಸ್‌ಡಿಎ ನಡುವೆ ಮೀಟರಿನಲ್ಲಿ ಓಮ್ ಅಳೆದರೂ ಗೊತ್ತಾಗುತ್ತದೆ. ಹಲಗೆಗೆ 5 ವೋಲ್ಟ್ ಕೊಟ್ಟರೆ ಆ ಎರಡು ಚೂರುಗಳು ಇಎಸ್‌ಪಿ32ರ ಪಿನ್ನುಗಳನ್ನು 5ರ ಕಡೆಗೆ ಎಳೆಯುತ್ತವೆ. ನಾನು ಮೊದಲ ದಿನ ಮಾಡಿದ ತಪ್ಪು ಅದೇ.

ಎಲ್‌ಸಿಡಿಗೆ 3.3 ಕೊಟ್ಟುಬಿಟ್ಟರೆ? ಪಿಸಿಎಫ್8574ಗೆ 2.5ರಿಂದ 6ರ ತನಕ ಯಾವುದಾದರೂ ಆದೀತು, ಆದರೆ 5 ವೋಲ್ಟಿಗೆಂದು ಮಾಡಿದ ಎಲ್‌ಸಿಡಿಯಲ್ಲಿ ಅಕ್ಷರ ಮಸುಕಾಗಿ ಕಾಣದಂತಾಗುತ್ತದೆ. 472 ಚೂರುಗಳನ್ನು ಕಿತ್ತು, 3.3ಕ್ಕೆ ಬೇರೆ ಪುಲ್-ಅಪ್ ಹಾಕಿದರೆ? ಇಎಸ್‌ಪಿ32 ಸುರಕ್ಷಿತ, ಪಿಸಿಎಫ್8574 ಮಾತ್ರ 3.5 ಕೇಳಿದರೆ 3.3 ಕೊಟ್ಟಂತೆ. ಮೇಜಿನ ಮೇಲೆ ಓಡುತ್ತದೆ, ಬಹಳ ಜನ ಹಾಗೇ ಓಡಿಸುತ್ತಾರೆ. ಬೇಸಿಗೆಯ ಸೆಕೆಯಲ್ಲಿ, ಮೋಟಾರಿನ ಗದ್ದಲದಲ್ಲಿ ಆ 0.2 ವೋಲ್ಟಿನ ಸಾಲ ತೀರಿಸುವವರು ಯಾರು? ಮನೆಯೊಳಗಿನ ಆಟಿಕೆಗೆ ಒಪ್ಪುತ್ತೇನೆ, ಗಿರಣಿಗೆ ಒಪ್ಪಲಾರೆ.

ಸರಿಯಾದ ದಾರಿ ಬಿಎಸ್‌ಎಸ್138. ತಂತಿಗೊಂದು ಮಾಸ್‌ಫೆಟ್, ಎರಡು ರೆಸಿಸ್ಟರ್. ಈ ಸರಳ ಸರ್ಕ್ಯೂಟನ್ನು ಫಿಲಿಪ್ಸ್‌ನವರೇ 1997ರ ಒಂದು ಅಪ್ಲಿಕೇಷನ್ ನೋಟಿನಲ್ಲಿ ವಿವರಿಸಿದ್ದರು. ಇಂದು ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಶಿಫ್ಟರ್ ಬೋರ್ಡುಗಳಲ್ಲಿ ಬಹುಪಾಲು ಅದರದೇ ಮಕ್ಕಳು. ಅದು ಕೆಲಸ ಮಾಡುವ ಬಗೆ ಬಲು ಚೆಂದ, ನಿಧಾನವಾಗಿ ನೋಡೋಣ.

ಮಾಸ್‌ಫೆಟ್ಟಿನ ಗೇಟ್ 3.3ಕ್ಕೆ ಕಟ್ಟಿದೆ. ಸೋರ್ಸ್ 3.3ರ ಕಡೆಯ ತಂತಿಗೆ, ಡ್ರೇನ್ 5ರ ಕಡೆಯ ತಂತಿಗೆ. ಎರಡೂ ಕಡೆ ತಮ್ಮ ತಮ್ಮ ತೊಲೆಗೆ ಪುಲ್-ಅಪ್. ಯಾರೂ ಎಳೆಯದಿದ್ದಾಗ ಸೋರ್ಸ್ 3.3, ಗೇಟ್ 3.3, ವ್ಯತ್ಯಾಸ ಸೊನ್ನೆ, ಬಾಗಿಲು ಮುಚ್ಚಿದೆ. ಆ ಕಡೆ 5, ಈ ಕಡೆ 3.3, ಒಂದಕ್ಕೊಂದು ಸಂಬಂಧವಿಲ್ಲ. ಇಎಸ್‌ಪಿ32 ತನ್ನ ತಂತಿಯನ್ನು ಕೆಳಗೆ ಎಳೆಯಿತು ಎನ್ನಿ. ಸೋರ್ಸ್ ಸೊನ್ನೆಗೆ ಬಂತು, ಗೇಟಿಗೂ ಅದಕ್ಕೂ 3.3ರ ಅಂತರ, ಬಾಗಿಲು ತೆರೆಯಿತು, 5ರ ಕಡೆಯ ತಂತಿಯೂ ಜೊತೆಗೆ ಕೆಳಗಿಳಿಯಿತು. ಈಗ ತಿರುಗಾ ಮುರುಗಾ: ಎಲ್‌ಸಿಡಿ ತನ್ನ ತಂತಿಯನ್ನು ಎಳೆಯಿತು. ಬಾಗಿಲು ಮುಚ್ಚಿದೆಯಲ್ಲ? ಮಾಸ್‌ಫೆಟ್ಟಿನ ಮೈಯಲ್ಲೇ ಇರುವ ಡಯೋಡಿನ ಮೂಲಕ 3.3ರ ಕಡೆಯ ತಂತಿ 0.7ರ ತನಕ ಜಾರುತ್ತದೆ. ಜಾರಿದ ಕೂಡಲೇ ಗೇಟ್-ಸೋರ್ಸ್ ಅಂತರ 2.6 ಆಗಿ ಬಾಗಿಲು ತೆರೆಯುತ್ತದೆ, ಉಳಿದದ್ದೂ ಕೆಳಗಿಳಿಯುತ್ತದೆ. ದಿಕ್ಕು ಹೇಳಿಕೊಡುವವರು ಬೇಕಿಲ್ಲ, ಎರಡೂ ಕಡೆಯಿಂದ ಮಾತು ನಡೆಯುತ್ತದೆ.

ಬಿಎಸ್‌ಎಸ್138 ತೆರೆಯಲು ಬೇಕಾದ ಅಂತರ ಹೆಚ್ಚೆಂದರೆ 1.5 ವೋಲ್ಟ್. ಅಂಗಡಿಯಲ್ಲಿ ಅದಿಲ್ಲ ಎಂದು 2ಎನ್7000 ಕೊಟ್ಟರೆ ಬೇಡ ಎನ್ನಿ. ಅದಕ್ಕೆ 3 ವೋಲ್ಟಿನ ತನಕವೂ ಬೇಕಾಗಬಹುದು, ನಮ್ಮಲ್ಲಿರುವುದು 2.6. ಒಂದು ಪೀಸು ಓಡುತ್ತದೆ, ಮುಂದಿನದು ಓಡುವುದಿಲ್ಲ.

ಜೋಡಿಸುವ ಕ್ರಮ:

1. ಶಿಫ್ಟರ್ ಬೋರ್ಡಿನ ಎಲ್‌ವಿ ಕಾಲಿಗೆ 3.3, ಎಚ್‌ವಿ ಕಾಲಿಗೆ 5, ಗ್ರೌಂಡ್ ಎಲ್ಲಕ್ಕೂ ಒಂದೇ. ಎಲ್‌ವಿ, ಎಚ್‌ವಿ ಅದಲುಬದಲಾದರೆ ಈ ಲೆಕ್ಕವೆಲ್ಲ ತಲೆಕೆಳಗು.

2. ಇಎಸ್‌ಪಿ32ರ ಸಿಗ್ನಲ್ ಪಿನ್ನುಗಳನ್ನಾಗಲಿ ಎಲ್‌ಸಿಡಿಯನ್ನಾಗಲಿ ಇನ್ನೂ ಜೋಡಿಸಬೇಡಿ. ಪವರ್ ಕೊಟ್ಟು ಅಳೆಯಿರಿ: ಎಲ್‌ವಿ1ರಲ್ಲಿ 3.3, ಎಚ್‌ವಿ1ರಲ್ಲಿ 5 ಬರಬೇಕು.

3. ಒಂದು ಜಂಪರ್ ತಂತಿಯಿಂದ ಎಚ್‌ವಿ1ನ್ನು ಗ್ರೌಂಡಿಗೆ ಮುಟ್ಟಿಸಿ ಎಲ್‌ವಿ1 ಅಳೆಯಿರಿ. ಸೊನ್ನೆಯ ಹತ್ತಿರ ಬರಬೇಕು. 0.6, 0.7ರಲ್ಲೇ ನಿಂತರೆ ಡಯೋಡು ಮಾತ್ರ ಕೆಲಸ ಮಾಡುತ್ತಿದೆ, ಮಾಸ್‌ಫೆಟ್ ತೆರೆಯುತ್ತಿಲ್ಲ. ಎಲ್‌ವಿ ಸಪ್ಲೈ ನೋಡಿ. ಆಮೇಲೆ ಎಲ್‌ವಿ1ನ್ನು ಮುಟ್ಟಿಸಿ ಎಚ್‌ವಿ1 ಅಳೆಯಿರಿ. ರೆಸಿಸ್ಟರ್ ಮೂಲಕ ಬರುವ ತಂತಿ ಆದ್ದರಿಂದ ಗ್ರೌಂಡಿಗೆ ಮುಟ್ಟಿಸಿದರೆ ಏನೂ ಸುಡುವುದಿಲ್ಲ. ಕೈತಪ್ಪಿ ಪಕ್ಕದ ಎಚ್‌ವಿ ಸಪ್ಲೈ ಕಾಲನ್ನು ಮುಟ್ಟಿಸಿದರೆ ಮಾತ್ರ ಶಾರ್ಟ್.

4. ಪವರ್ ಆಫ್ ಮಾಡಿ ಎಲ್‌ವಿ1 ಅನ್ನು ಇಎಸ್‌ಪಿ32ರ 21ಕ್ಕೆ, ಎಲ್‌ವಿ2 ಅನ್ನು 22ಕ್ಕೆ, ಎಚ್‌ವಿ1 ಅನ್ನು ಎಸ್‌ಡಿಎಗೆ, ಎಚ್‌ವಿ2 ಅನ್ನು ಎಸ್‌ಸಿಎಲ್‌ಗೆ ಜೋಡಿಸಿ.

5. ಐ2ಸಿ ಸ್ಕ್ಯಾನರ್ ಪ್ರೋಗ್ರಾಂ ಹಾಕಿ ಓಡಿಸಿ. ಪಿಸಿಎಫ್8574 ಇದ್ದರೆ ಸಾಮಾನ್ಯವಾಗಿ ಹೆಕ್ಸ್ 27, ಪಿಸಿಎಫ್8574ಎ ಇದ್ದರೆ 3ಎಫ್ ಎಂಬ ವಿಳಾಸ ಕಾಣಬೇಕು.

ಎಷ್ಟು ಓಮ್?

ಗಿರಣಿಯ ಶಾಫ್ಟಿನಂಥ ನಿಧಾನದ ಸಿಗ್ನಲ್ಲಿಗೆ 10 ಕಿಲೋ ಸಾಕು, ತಂತಿ ಉದ್ದ ಇದ್ದರೆ 4.7 ಅಥವಾ 2.2. ಇದರ ಮೇಲೆ ತಲೆ ಕೆಡಿಸಿಕೊಳ್ಳಬೇಡಿ. ಐ2ಸಿಗೆ ಮಾತ್ರ ಸ್ವಲ್ಪ ಲೆಕ್ಕ ಬೇಕು.

ಸ್ಪ್ರಿಂಗು ತೀರಾ ಬಿಗಿಯಾದರೆ ಎಳೆಯುವ ಕೈ ಸೋಲುತ್ತದೆ. ಐ2ಸಿ ಚಿಪ್ಪುಗಳು 3 ಮಿಲಿಆಂಪ್ ಎಳೆಯುತ್ತ 0.4 ವೋಲ್ಟಿನೊಳಗೆ ಇಳಿಸಬಲ್ಲವು ಎಂದು ನಿಯಮ. 5ರಿಂದ 0.4 ಕಳೆದು 3 ಮಿಲಿಆಂಪಿನಿಂದ ಭಾಗಿಸಿದರೆ ಸುಮಾರು 1.5 ಕಿಲೋ, 3.3ಕ್ಕೆ ಸುಮಾರು 1 ಕಿಲೋ. ಇದಕ್ಕಿಂತ ಕಡಿಮೆ ಬೇಡ. ಶಿಫ್ಟರ್ ಇದ್ದಾಗ ಎರಡೂ ಕಡೆಯ ಕರೆಂಟನ್ನು ಒಂದೇ ಕೈ ಎಳೆಯಬೇಕು ಎನ್ನುವುದನ್ನು ಮರೆಯಬೇಡಿ. ನನ್ನ ಜೋಡಣೆಯಲ್ಲಿ 5ರ ಕಡೆ ಶಿಫ್ಟರಿನ 10 ಕಿಲೋ ಮತ್ತು ಎಲ್‌ಸಿಡಿಯ 4.7 ಕಿಲೋ ಸೇರಿ 3.2 ಕಿಲೋ, 1.56 ಮಿಲಿಆಂಪ್, 3.3ರ ಕಡೆ 10 ಕಿಲೋ, 0.33. ಒಟ್ಟು 1.9, ಪರವಾಗಿಲ್ಲ. ಆದರೆ ಒಂದೇ ಬಸ್ಸಿಗೆ (ಎಲ್ಲರೂ ಹಂಚಿಕೊಳ್ಳುವ ಆ ಎರಡು ತಂತಿಗಳಿಗೆ) 4.7 ಕಿಲೋ ಇರುವ ಐದು ಸೆನ್ಸರ್ ಹಲಗೆಗಳನ್ನು ಪೋಣಿಸಿದರೆ ಒಟ್ಟು 940 ಓಮ್, ಮಿತಿ ದಾಟಿತು. ಎರಡು ಮೂರು ಹಲಗೆಗಳ ರೆಸಿಸ್ಟರ್ ಕಿತ್ತುಹಾಕಬೇಕು.

ಸ್ಪ್ರಿಂಗು ಸಡಿಲವಾದರೆ ತೊಟ್ಟಿಲು ಮೇಲೇರುವುದು ನಿಧಾನ. ತಂತಿಯ ಮತ್ತು ಚಿಪ್ಪುಗಳ ಕೆಪ್ಯಾಸಿಟನ್ಸ್ ತುಂಬಬೇಕಲ್ಲ. ಏರಲು ಹಿಡಿಯುವ ಸಮಯ ಸುಮಾರು 0.85 ಗುಣಿಸು ರೆಸಿಸ್ಟರ್ ಗುಣಿಸು ಕೆಪ್ಯಾಸಿಟನ್ಸ್. 100 ಕಿಲೋಹರ್ಟ್ಸ್ ವೇಗಕ್ಕೆ 1000 ನ್ಯಾನೊಸೆಕೆಂಡ್ ಅವಕಾಶ, 400ಕ್ಕೆ 300 ಮಾತ್ರ. ಬಸ್ಸಿನಲ್ಲಿ 100 ಪಿಕೊಫ್ಯಾರಡ್ ಇದ್ದರೆ 10 ಕಿಲೋಗೆ 850 ನ್ಯಾನೊಸೆಕೆಂಡ್. ಅಂದರೆ ನನ್ನ 3.3ರ ಕಡೆ 100 ಕಿಲೋಹರ್ಟ್ಸ್ ನಡೆಯುತ್ತದೆ, 400 ನಡೆಯುವುದಿಲ್ಲ. ಬೇಕೆಂದರೆ ಎಲ್‌ವಿ ಕಡೆ ಇನ್ನೊಂದು 4.7 ಕಿಲೋ ಪಕ್ಕಕ್ಕೆ ಹಾಕಿ 3.2ಕ್ಕೆ ಇಳಿಸಬೇಕು. ಎಲ್‌ಸಿಡಿಗೆ ಅಷ್ಟು ಅವಸರ ಇಲ್ಲ, ಪಿಸಿಎಫ್8574ರ ವೇಗವೂ 100 ಕಿಲೋಹರ್ಟ್ಸೇ, ಹಾಗಾಗಿ ಸುಮ್ಮನಿದ್ದೆ.

ಬ್ಯಾಟರಿಯಲ್ಲಿ ಓಡುವ ಸಾಧನವಾದರೆ ಇನ್ನೊಂದು ಲೆಕ್ಕ: ಸೆನ್ಸರ್ ಹೆಚ್ಚು ಹೊತ್ತು ತಂತಿಯನ್ನು ಕೆಳಗೇ ಹಿಡಿದಿಟ್ಟರೆ 3.3ಕ್ಕೆ ಕಟ್ಟಿದ 4.7 ಕಿಲೋದಲ್ಲಿ 0.7 ಮಿಲಿಆಂಪ್ ಸುಮ್ಮನೆ ಹರಿದುಹೋಗುತ್ತಿರುತ್ತದೆ.

ಆರ್ಡುಯಿನೊ ಊನೊ ಇರುವವರಿಗೆ

ಊನೊ 5 ವೋಲ್ಟಿನದು, ನಿಮ್ಮ ಐ2ಸಿ ಸೆನ್ಸರ್ 3.3ರದ್ದು, ಸೆನ್ಸರ್ ಹಲಗೆಯಲ್ಲಿ 3.3ಕ್ಕೆ 4.7 ಕಿಲೋ ಪುಲ್-ಅಪ್ ಇದೆ. ಎಲ್ಲರೂ ಕೆಳಗೆ ಎಳೆಯುವವರೇ, ತೊಲೆ 3.3ರಲ್ಲಿದೆ, ಇನ್ನೇನು ಭಯ? ಐ2ಸಿ ನಡೆಸುವ ಊನೊದ ವೈರ್ ಲೈಬ್ರರಿ ಸದ್ದಿಲ್ಲದೆ ಚಿಪ್ಪಿನೊಳಗಿನ ಪುಲ್-ಅಪ್ ಆನ್ ಮಾಡುತ್ತದೆ. ಅದು 20ರಿಂದ 50 ಕಿಲೋ, ಕಟ್ಟಿರುವುದು 5ಕ್ಕೆ. 20 ಕಿಲೋ ಇದ್ದರೆ ತಂತಿ 3.62ರಲ್ಲಿ ನಿಲ್ಲುತ್ತದೆ, 35 ಇದ್ದರೆ 3.5. ಮಿತಿಯ ಅಂಚು. ಲೈಬ್ರರಿ ಶುರು ಮಾಡಿದ ಮುಂದಿನ ಸಾಲಿನಲ್ಲೇ ಎ4, ಎ5 ಪಿನ್ನುಗಳಿಗೆ ಡಿಜಿಟಲ್ ರೈಟ್‌ನಲ್ಲಿ ಲೋ ಬರೆದರೆ ಆ ಒಳಗಿನ ಪುಲ್-ಅಪ್ ಹೋಗುತ್ತದೆ.

ರಾಸ್ಪ್‌ಬೆರಿ ಪೈನಲ್ಲಿ ಜಿಪಿಐಒ 2 ಮತ್ತು 3ಕ್ಕೆ (ಐ2ಸಿ ಪಿನ್ನುಗಳು) ಬೋರ್ಡಿನಲ್ಲೇ 3.3ಕ್ಕೆ 1.8 ಕಿಲೋ ಇದೆ. ಅಲ್ಲಿ ನೀವು ಹೊಸದಾಗಿ ಹಾಕುವುದಕ್ಕಿಂತ ಎದುರಿನ ಹಲಗೆಯ 5 ವೋಲ್ಟಿನ ಪುಲ್-ಅಪ್ ತೆಗೆಯುವುದೇ ಕೆಲಸ.

ಪುಲ್-ಅಪ್ ನಡೆಯದ ಕಡೆ

ದೂರ ಅಳೆಯುವ ಎಚ್‌ಸಿ-ಎಸ್‌ಆರ್04ರ ಎಕೋ ಕಾಲು 5 ವೋಲ್ಟ್ ಕೊಡುತ್ತದೆ. 3.3ಕ್ಕೆ ಪುಲ್-ಅಪ್ ಹಾಕಿದರೆ ಅದೇನೂ ತಗ್ಗುವುದಿಲ್ಲ. 1 ಕಿಲೋ ಮತ್ತು 2 ಕಿಲೋದ ಡಿವೈಡರ್ ಹಾಕಿ: ಎಕೋದಿಂದ 1 ಕಿಲೋ, ಅಲ್ಲಿಂದ ಗ್ರೌಂಡಿಗೆ 2 ಕಿಲೋ, ಎರಡರ ನಡುವಿನಿಂದ ಪಿನ್ನಿಗೆ. ಅಲ್ಲಿ 3.33 ಸಿಗುತ್ತದೆ. 5 ವೋಲ್ಟಿನ ಸೀರಿಯಲ್ ಟಿಎಕ್ಸ್ ಕಾಲಿಗೂ ಅದೇ ಮದ್ದು.

ಬಣ್ಣದ ಎಲ್‌ಇಡಿ ಪಟ್ಟಿ ಡಬ್ಲ್ಯೂಎಸ್2812ಬಿ 5 ವೋಲ್ಟಿನಲ್ಲಿ 3.5 ಕೇಳುತ್ತದೆ. 3.3ರ ಪಿನ್ನಿಗೆ 5ರ ಪುಲ್-ಅಪ್ ಹಾಕಿ ಎತ್ತಿಬಿಡೋಣ ಎಂದು ಹೊರಡುವವರಿದ್ದಾರೆ. ಆ ಪಿನ್ನು ಪುಷ್-ಪುಲ್, ಹೈ ಇರುವಾಗ 3.3ರಲ್ಲೇ ಬಿಗಿಹಿಡಿಯುತ್ತದೆ, ನಿಮ್ಮ ರೆಸಿಸ್ಟರ್ ಅದರೊಳಗೆ ಕರೆಂಟ್ ನುಗ್ಗಿಸುತ್ತದೆ, ಅಷ್ಟೆ. ಮೇಲಾಗಿ ಆ ಪಟ್ಟಿಯ ಸಿಗ್ನಲ್ 800 ಕಿಲೋಹರ್ಟ್ಸ್, ಸ್ಪ್ರಿಂಗಿನಿಂದ ಏರುವಷ್ಟು ಪುರುಸೊತ್ತು ಅದಕ್ಕಿಲ್ಲ. 5 ವೋಲ್ಟ್ ಕೊಟ್ಟ 74ಎಎಚ್‌ಸಿಟಿ125 ಬಫರ್ ಚಿಪ್ಪು ಹಾಕಿ. ಅದು 2 ವೋಲ್ಟ್ ಕಂಡರೇ ಹೈ ಎಂದು ಒಪ್ಪಿ 5 ಹೊರಗೆ ಕೊಡುತ್ತದೆ. ಎಸ್‌ಪಿಐ ಎಂಬ ವೇಗದ ಪದ್ಧತಿಗೂ ಹೀಗೇ ಬಫರ್ ಬೇಕು, ಬಿಎಸ್‌ಎಸ್138 ಬೋರ್ಡು ಆ ವೇಗಕ್ಕೆ ತಾಳುವುದಿಲ್ಲ.

ಟಿಎಕ್ಸ್‌ಬಿ0108 ಎಂಬ ಶಿಫ್ಟರ್ ಚಿಪ್ಪನ್ನು ಐ2ಸಿಗೆ ಹಾಕಿ ಒದ್ದಾಡುವವರೂ ಇದ್ದಾರೆ. ಅದು ಪುಷ್-ಪುಲ್ ತಂತಿಗಳಿಗೆಂದೇ ಮಾಡಿದ್ದು. ಹೊರಗಿನ ಪುಲ್-ಅಪ್ 50 ಕಿಲೋಗಿಂತ ಕಡಿಮೆ ಇದ್ದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಒಂದೇ ಅಕ್ಷರ ಬೇರೆಯಿರುವ ಟಿಎಕ್ಸ್‌ಎಸ್ ಸರಣಿ ಓಪನ್ ಡ್ರೇನಿಗೆ ಆಗುವಂಥದ್ದು.

ಓಡಿಸಿದ ಮೇಲೆ

ಸೆನ್ಸರ್ ಲೆಕ್ಕ ಒಂದಕ್ಕೆರಡು ಬಂದರೆ ತಂತಿ ತೇಲುತ್ತಿದೆ ಅಥವಾ ಪಕ್ಕದ ಮೋಟಾರ್ ಕೇಬಲ್ಲಿನ ಗದ್ದಲ ಸೇರುತ್ತಿದೆ; 10 ಕಿಲೋ ಬದಲು 2.2 ಹಾಕಿ ನೋಡಿ. ಲೋ ಆಗಬೇಕಾದಾಗ 1 ವೋಲ್ಟಿನ ಮೇಲೆ ನಿಂತರೆ ಪುಲ್-ಅಪ್ ತೀರಾ ಬಿಗಿ, ಅಥವಾ ಡಯೋಡಿನ ಪಾಲು ಹೆಚ್ಚಾಗಿದೆ. ಎಲ್‌ಸಿಡಿ ಒಮ್ಮೊಮ್ಮೆ ಚೀನೀ ಲಿಪಿ ಬರೆಯತೊಡಗಿದರೆ ಮೊದಲು ಗ್ರೌಂಡ್ ತಂತಿ ಅಲುಗಾಡಿಸಿ ನೋಡಿ.

ನನ್ನನ್ನು ಒಂದಿಡೀ ಸಂಜೆ ಕಾಡಿದ್ದು ಇದ್ಯಾವುದೂ ಅಲ್ಲ. ಎಲ್‌ಸಿಡಿಯ 5 ವೋಲ್ಟನ್ನು ಬೇರೆ ಅಡಾಪ್ಟರಿನಿಂದ ಕೊಟ್ಟಿದ್ದೆ. ಆ ಅಡಾಪ್ಟರ್ ಆಫ್ ಮಾಡಿದರೂ ಎಲ್‌ಸಿಡಿಯ ಹಲಗೆಯ ಮೇಲಿನ ಪುಟ್ಟ ಕೆಂಪು ದೀಪ ಮಿಣಿಮಿಣಿ ಎನ್ನುತ್ತಿತ್ತು. ಶಿಫ್ಟರ್ ಬೋರ್ಡಿನ ಎಚ್‌ವಿಯನ್ನು ಇಎಸ್‌ಪಿ32ರ 5 ವೋಲ್ಟಿಗೆ ಕಟ್ಟಿದ್ದೆ. ಅಲ್ಲಿಂದ ಪುಲ್-ಅಪ್, ಪುಲ್-ಅಪ್‌ನಿಂದ ಎಸ್‌ಡಿಎ, ಅಲ್ಲಿಂದ ಹಲಗೆಯ 472 ಮೂಲಕ ಹಿಂದುಮುಂದಾಗಿ ಕರೆಂಟ್ ಹರಿದು ಸತ್ತ ಸಪ್ಲೈಗೆ ಜೀವ ತುಂಬುತ್ತಿತ್ತು. ಅರೆಜೀವದಲ್ಲಿದ್ದ ಪಿಸಿಎಫ್8574 ಅಡಾಪ್ಟರ್ ಆನ್ ಮಾಡಿದಾಗ ಸರಿಯಾಗಿ ರೀಸೆಟ್ ಆಗದೆ ಬಸ್ಸನ್ನು ಹಿಡಿದು ಕೂರುತ್ತಿತ್ತು. ಎಲ್‌ಸಿಡಿ ಮತ್ತು ಎಚ್‌ವಿ ಎರಡಕ್ಕೂ ಒಂದೇ 5 ವೋಲ್ಟಿನ ಗೆರೆ ಕೊಟ್ಟ ಮೇಲೆ ಕಾಟ ನಿಂತಿತು. ಈಗ ಆ ಡಬ್ಬಿ ಗಿರಣಿಯ ಗೋಡೆಯ ಮೇಲೆ, ಹಿಟ್ಟಿನ ಧೂಳು ಒಳಗೆ ಹೋಗದಂತೆ ಪಾಲಿಥಿನ್ ಹೊದ್ದುಕೊಂಡು ಕೂತಿದೆ.